ಉರಿಯೋ ಒಲಿಗೆ ನೀರು ಹಾಕಿದವಳು

ನನ್ನ ಮೊಮ್ಮಗಳು ಐಶು ರೋಣದ ಕಾಲೇಜಿನ ನಾಟಕದಾಗ ಬಣ್ಣ ಹಚ್ಚಿದಳು. ಇದನ್ನ ಮೊದಲಿಗೇ ಬರೆದುಬಿಡುತ್ತೇನೆ, ಇಲ್ಲದಿದ್ದರೆ ಹೊಟ್ಟೆಯಾಗ ನಿಲ್ಲುವುದಿಲ್ಲ. ಗಜೇಂದ್ರಗಡದ ನಮ್ಮ ಓಣಿಯಲ್ಲಿ ಹಾಲಿನವನಿಗೆ ಹೇಳಿದೆ, ಕಾಯಿಪಲ್ಲೆ ಮಾರುವಾಕೆಗೆ ಹೇಳಿದೆ, ಬಸ್ಸಿನ್ಯಾಗ ಬಾಜೂಕ ಕೂತವರಿಗೆಲ್ಲಾ ಹೇಳಿದೆ. ಕಂಡಕ್ಟರ್, "ಯಕ್ಕಾ, ಇದನ್ನ ಹೋದ ವಾರಾನೂ ಹೇಳಿದ್ರಿ" ಅಂದ. "ಅಂದ್ರ ಮರತಿಲ್ಲ ಅಲ್ಲ, ಚಲೋ ಆತು" ಅಂದೆ. ಬಸ್ಸಿನ ಮಂದಿ ನಕ್ಕಿತು. ನಗಲಿ. ಮಂದಿ ನಗುವುದು ನನಗೆ ಹೊಸದಲ್ಲ, ಅದನ್ನೇ ಮುಂದೆ ಬರೆಯುವವಳಿದ್ದೇನೆ.

ನನಗೆ ಬರಿ ಅಂತ ಗಂಟುಬಿದ್ದವಳು ಐಶೂನೇ.

"ಆಯಿ, ನನ್ನಂಗ ಹೊಸದಾಗಿ ನಾಟಕಕ್ಕ ಬರೋ ಹುಡುಗ್ಯಾರು ಭಾಳ ಅದಾರ. ಖರೇ ಹ್ಯಾಂಗಿತ್ತು ಅನ್ನೋದು ಅವರಿಗೆ ಯಾರೂ ಹೇಳಂಗಿಲ್ಲ. ನೀ ಬರಿ."

"ಸಾಲ್ಯಾಗ ಮೂರನೇತ್ತ ಕಲತಾಕಿ ನಾ ಏನ ಬರೀಲೇ?"

"ಮಾತಾಡಿದಂಗ ಬರಿ. ತಪ್ಪಿದ್ದದ್ದು ನಾ ತಿದ್ದತೇನಿ."

ಹಾಗಾಗಿ ಇದರಾಗ ತಪ್ಪು ಕಂಡರೆ ಅದು ಐಶು ತಿದ್ದದೇ ಬಿಟ್ಟದ್ದು ಅಂತ ತಿಳಿಯಿರಿ.

ನನ್ನ ಕೆಲಸ ಏನಿತ್ತು ಅಂತ ಮೊದಲು ಹೇಳಬೇಕು. ನಮ್ಮ ಕಡೆ ಹಳ್ಳಿಯವರೇ ನಾಟಕ ಆಡುತ್ತಾರೆ. ರಾಜ, ಗೌಡ, ಖಳನಾಯಕ, ಹಾಸ್ಯಗಾರ ಎಲ್ಲಾ ಊರ ಗಂಡಸರೇ. ಹೆಣ್ಣಿನ ಪಾತ್ರಕ್ಕೆ ಮಾತ್ರ ಹೊರಗಿನಿಂದ ನಮ್ಮಂಥವರನ್ನು ಕರೆಸುತ್ತಿದ್ದರು. ಅವರು ತಿಂಗಳುಗಟ್ಟಲೆ ತಾಲೀಮು ಮಾಡಿರುತ್ತಾರೆ, ನಾವು ಹಿಂದಿನ ದಿನ ಟ್ರಂಕ್ ಹೊತ್ತುಕೊಂಡು ಬಸ್ಸಿಳಿದು, ಒಂದೇ ತಾಲೀಮಿನಲ್ಲಿ ಅವರ ಜೊತೆ ಹೊಂದಿಕೊಳ್ಳಬೇಕು. ಹೀರೋ ಅನ್ನುವವನು ಹೊಲದಿಂದ ಸೀದಾ ಬಂದಿರುತ್ತಾನೆ. ನನ್ನ ಕೈ ಹಿಡಿಯುವ ಸೀನು ಬಂದರೆ ಕೈ ಬಿಟ್ಟು ಸೆರಗಿನ ತುದಿ ಹಿಡಿಯುತ್ತಾನೆ, ಯಾಕಂದರೆ ಅವನ ಹೆಂಡತಿ ಮುಂದಿನ ಸಾಲಿನಲ್ಲಿ ಕೂತು ಕಣ್ಣು ಮಿಟುಕಿಸದೆ ನೋಡುತ್ತಿರುತ್ತಾಳೆ. ಕೆಲವರು ಹೆದರಿಕೆಯಲ್ಲಿ ತಮ್ಮ ಮಾತಿನ ಜೊತೆ ನನ್ನ ಮಾತನ್ನೂ ತಾವೇ ಹೇಳಿಬಿಡುತ್ತಿದ್ದರು. ಆವಾಗ ನಾನು ಬರೀ "ಹೌದು ಸ್ವಾಮಿ" ಅಂದು ದಾಟಿಸುತ್ತಿದ್ದೆ. ಹುಡುಗ್ಯಾರ, ಇದನ್ನ ಕಲಿಯಿರಿ: "ಹೌದು ಸ್ವಾಮಿ" ಎಂಬ ಮಾತು ಎಲ್ಲಾ ನಾಟಕಕ್ಕೂ ಹೊಂದುತ್ತದೆ.

ಮನೆಯಲ್ಲಿ ಇಟ್ಟ ಹೆಸರು ಫಕೀರವ್ವ. ಪೋಸ್ಟರಿನ ಮೇಲೆ ಶೋಭಾ. ನನ್ನ ಹೆಚ್ಚುಗಾರಿಕೆ ಅಂದರೆ ಅಳು. ನಾನು ಅತ್ತರೆ ಕೊನೆಯ ಸಾಲಿನ ಗಂಡಸರೂ ಟವೆಲ್ಲು ಮುಖಕ್ಕೆ ಹಚ್ಚುತ್ತಿದ್ದರು. ಅಳು ಬೇಕಾದ ನಾಟಕ ಇದ್ದರೆ "ಶೋಭಾನ್ನ ಕರಸ್ರಿ" ಅನ್ನುತ್ತಿದ್ದರು.

ನಮ್ಮ ಮೇಲಿನವರು ಅಂದರೆ ಹನಮಂತಪ್ಪ ಮಾಸ್ತರು. ಪೇಟಿ, ಅಂದರೆ ಹಾರ್ಮೋನಿಯಂ, ಬಾರಿಸುವವರು, ಹಾಡು ಕಟ್ಟುವವರು, ಕಲಿಸುವವರು, ನಾಟಕ ಬರೆಯುವವರು ಎಲ್ಲಾ ಅವರೇ. ಗಂಡಸರಿಗೆ "ಲೇ" ಅನ್ನುತ್ತಿದ್ದರು, ನನಗೆ "ಏನವಾ". ಸಿಟ್ಟು ಬಂದರೆ ಪೇಟಿಯ ಮೇಲೆ ಎರಡೂ ಕೈ ಒಮ್ಮೆಲೇ ಒತ್ತುತ್ತಿದ್ದರು. ಆ ಸಪ್ಪಳಕ್ಕೆ ಊರ ನಾಯಿ ಎಲ್ಲಾ ಎದ್ದು ಕೂಗುತ್ತಿದ್ದವು.

ಅತ್ತೆ ಸೊಸೆ, ಗೌಡ ಬಡವಿ, ಅಣ್ಣ ತಂಗಿ, ಇವನ್ನೇ ಬರೆದು ಬರೆದು ಅವರಿಗೆ ಬ್ಯಾಸರ ಬಂತು. ಒಂದು ಸಲ ಮುಂದೆ ಬರುವ ಕೆಟ್ಟ ಕಾಲದ ಕಥೆ ಬರೆದರು. ಹೆಸರು "ಹೊಗಿ ಇಲ್ಲದ ಊರು". ಕಥೆ ಹೀಗೆ: ಒಬ್ಬ ದೊರೆ ಬರುತ್ತಾನೆ. ಯಾರ ಮನೆಯಲ್ಲೂ ಒಲೆ ಉರಿಯಬಾರದು ಅಂತ ಹುಕುಂ ಮಾಡುತ್ತಾನೆ. ಎಲ್ಲರೂ ದೊರೆಯ ಒಂದೇ ಅಡಿಗೆಮನೆಯಲ್ಲಿ ಸಾಲು ಹಚ್ಚಿ ಉಣ್ಣಬೇಕು. ಒಲೆ ಆರಿದ ಮೇಲೆ ದೊರೆ ಹೇಳಿದ್ದಕ್ಕೆಲ್ಲಾ ತಲೆ ಅಲ್ಲಾಡಿಸಬೇಕು, ಎದುರು ಮಾತಾಡಿದವನಿಗೆ ತಾಟು ಇಲ್ಲ. ಕಡೆಗೆ ತಾಟು ಕಳಕೊಂಡ ಒಬ್ಬ ಮುದುಕ ಮನೆಗೆ ಬಂದು ಒಲೆ ಹೂಡಬೇಕು ಅಂತಾನೆ, ಹೆಂಗ ಹೂಡಬೇಕು ಅನ್ನುವುದೇ ಊರಾಗ ಯಾರಿಗೂ ನೆನಪಿರುವುದಿಲ್ಲ.

ನನ್ನ ಪಾತ್ರ, ಊರಾಗ ಕೊನೆಗೆ ಒಲೆ ಆರಿಸುವ ಹೆಣ್ಣುಮಗಳದು. ಉರಿಯೋ ಒಲೆಗೆ ಒಂದು ತಂಬಿಗೆ ನೀರು ಸುರುವಬೇಕು. ಅಲ್ಲಿಗೆ ಎರಡನೇ ಅಂಕ ಮುಗಿಯುತ್ತಿತ್ತು. ಆ ನೀರನ್ನು ಮಂದಿ ನಂಬಿದರೆ ಮುಂದಿನದೆಲ್ಲಾ ನಂಬುತ್ತಾರೆ, ನಂಬದಿದ್ದರೆ ಮುಂದಿನ ಅಂಕ ಬರೀ ಹಾಸ್ಯ. "ಈ ನಾಟಕದ ಕುತ್ತಿಗಿ ನಿನ್ನ ಕೈಯಾಗ ಐತಿ ನೋಡವಾ" ಅಂದಿದ್ದರು ಮಾಸ್ತರು.

ಜಕ್ಕಲಿಯಲ್ಲಿ ಮೊದಲನೇ ಸಲ ಆಡಿದೆವು. ನಾನು ತಂಬಿಗೆ ಹಿಡಿದು ಅತ್ತೆ. ಎದೆ ಬಡಕೊಂಡು ಅತ್ತೆ. ಒಲೆಯ ಮುಂದೆ ಹೊರಳಾಡಿ ಅತ್ತೆ. ಈಟಿ ಹಿಡಿದ ದೊರೆಯ ಸಿಪಾಯಿಗಳು ಇಬ್ಬರು ಬಾಜೂಕ ನಿಂತು "ಹಾಕು! ಹಾಕು!" ಅಂತ ಗದರಿಸಿದರು. ಇನ್ನೇನು ನೀರು ಹಾಕಬೇಕು, ಹೆಂಗಸರ ಕಡೆಯಿಂದ ಒಂದು ದನಿ ಬಂತು:

"ಏ ಬೇ, ಉರಿಯೋ ಒಲಿಗೆ ಯಾವ ಹೆಣಮಗಳು ನೀರ ಹಾಕ್ತಾಳ? ಸುಳ್ಳ!"

ಇನ್ನೊಬ್ಬಾಕೆ, "ಅಕಿ ಒಲಿ ಮುಂದ ಕೂತು ಗೊತ್ತಿದ್ರ ಅಲ್ಲ? ಟ್ರಂಕ್ ಹೊತ್ಕೊಂಡ ಅಡ್ಡ್ಯಾಡಾಕಿ!" ಅಂದಳು.

ಮಂದಿ ಹೋ ಅಂತು. ನಾನು ನೀರು ಹಾಕಿದೆ. ಅಲ್ಲಿಂದ ಮುಂದೆ ದೊರೆ ಬಾಯಿ ತೆರೆದಾಗೊಮ್ಮೆ ನಗೆ. ಒಲೆ ಹೂಡಲು ಬರದ ಮುದುಕನ ಪಾತ್ರ ಮಾಡಿದವನಿಗೆ "ಮೂರು ಕಲ್ಲ ಇಡೋ ಯಪ್ಪಾ, ಅಷ್ಟ!" ಅಂತ ಪ್ಯಾಲಿ ಹುಡುಗರೆಲ್ಲಾ ಹೇಳಿಕೊಟ್ಟರು. ಆತ ಪಾಪ, ಕಲ್ಲು ಇಟ್ಟೂ ಬಿಟ್ಟ. ನಾಟಕ ಅಲ್ಲಿಗೇ ಮುಗಿಯಿತು.

ಆ ಹೆಂಗಸು ಅಂದದ್ದು ಖರೇ ಇತ್ತು. ನಮ್ಮವ್ವನೂ ನನಗೆ ಅದನ್ನೇ ಕಲಿಸಿದ್ದಳು. ಉರಿಯೋ ಒಲೆಗೆ ನೀರು ಹಾಕಬಾರದು. ಕಟ್ಟಿಗೆ ಹಿಂದಕ್ಕೆಳೆದು ಬಡಿದು, ಕೆಂಡದ ಮೇಲೆ ಬೂದಿ ಎಳೆದು, ತಾನೇ ಆರುವ ಹಾಗೆ ಬಿಡಬೇಕು. ನೀರು ಹಾಕುವುದು ಮನೆಯಿಂದ ಹೆಣ ಹೊರಟಾಗ ಮಾಡುವ ಕೆಲಸ. ನಾನೂ ಮನೆಯಲ್ಲಿ ಎಂದೂ ಹಾಕಿದವಳಲ್ಲ. ನಾನೇ ನಂಬದ್ದನ್ನ ಮಂದಿ ಹೆಂಗ ನಂಬಬೇಕು? ಮಾಸ್ತರಿಗೆ ಹೇಳಿದೆ.

"ಮಾಸ್ತರ್ರ, ಆಕಿ ನೀರ ಯಾಕ ಹಾಕ್ತಾಳರಿ?"

"ಅಂಜಿಕಿಗೆ! ದೊರಿ ಅಂಜಿಕಿಗೆ. ಮಂದಿಗೆ ಅಂಜಿಕಿ ಸಾಲವಲ್ದು. ಮುಂದಿನ ಊರಾಗ ನೋಡುವಂತಿ."

ಮುಂದಿನ ಊರು ಹೊಳೆಆಲೂರು. ಮಾಸ್ತರು ದೊರೆಗೆ ಕೊಂಬಿನ ಕಿರೀಟ ಮಾಡಿಸಿದರು, ಮುಖಕ್ಕೆ ಕೆಂಪು ಕರಿ ಬಳಿಸಿದರು, ಕೈಯಲ್ಲಿ ಬಾರಕೋಲು. ದೊರೆ ಬರುವಾಗ ಅಂಜಿಕೆ ಬರಲಿ ಅಂತ ಎರಡು ಬಕೀಟಿನಲ್ಲಿ ಬೇವಿನ ತಪ್ಪಲು ಹಾಕಿ ಹೊಗೆ ಎಬ್ಬಿಸಿದರು. ಹೊಳೆ ಕಡೆಯ ಗಾಳಿ ಆ ಹೊಗೆಯನ್ನು ಎತ್ತಿ ತಂದು ನಮ್ಮ ಬಾಯಿಗೇ ತುರುಕಿತು. ದೊರೆ "ಎಲೈ ಪ್ರಜೆಗಳೇ" ಅಂದವನು ಮುಂದಿನದೆಲ್ಲಾ ಕೆಮ್ಮಿನಲ್ಲೇ ಮುಗಿಸಿದ. ನಾಟಕದ ಹೆಸರು ಹೊಗಿ ಇಲ್ಲದ ಊರು!

ಅಷ್ಟಕ್ಕೇ ಆಗಿದ್ದರೆ ತಡಕೋಬಹುದಿತ್ತು. ಹೊಸಬರಿಗೆ ಒಂದು ಮಾತು ಹೇಳಬೇಕು. ನಮ್ಮ ನಾಟಕದಲ್ಲಿ ಆಹೇರಿ ಅಂತ ಒಂದು ರೂಢಿ ಇದೆ. ಪಾತ್ರ ಮೆಚ್ಚಿಗೆಯಾದರೆ, ಇಲ್ಲವೇ ಪಾತ್ರದವನು ಬೀಗನಾದರೆ, ನಾಟಕದ ನಡುವೆಯೇ ಸ್ಟೇಜು ಹತ್ತಿ ಹಾರ ಹಾಕಿ, ಟವೆಲ್ಲು ಹೊದಿಸುತ್ತಾರೆ. ಮೈಕಿನಲ್ಲಿ ಹೆಸರು ಕೂಗುತ್ತಾರೆ. ಆ ಹೊತ್ತಿಗೆ ಸಾಯುತ್ತಾ ಬಿದ್ದವನೂ ಎದ್ದು ಕೈ ಮುಗಿದು ಮತ್ತೆ ಬಿದ್ದು ಸಾಯಬೇಕು.

ಅಂದು ನಾನು ಒಲೆಯ ಮುಂದೆ ತಂಬಿಗೆ ಹಿಡಿದು ನಡುಗುತ್ತಿದ್ದೇನೆ. ದೊರೆ ಬಾರಕೋಲು ಎತ್ತಿದ್ದಾನೆ. ಮಂದಿ ಅವತ್ತು ಸ್ವಲ್ಪ ಸುಮ್ಮನಾಗಿತ್ತು ಅನ್ನಿ. ಅಷ್ಟರಲ್ಲಿ ದೊರೆಯ ಮಾವ, ಅಂದರೆ ಆ ಹುಡುಗನಿಗೆ ಹೆಣ್ಣು ಕೊಟ್ಟಾತ, ದೊಡ್ಡ ಹಾರ ಹಿಡಿದು ಸ್ಟೇಜು ಹತ್ತಿದ. ದೊರೆ ಬಾರಕೋಲನ್ನ ಲಗೂನ ಬೆನ್ನ ಹಿಂದೆ ಮುಚ್ಚಿಕೊಂಡ. ಬಾಗಿ ಮಾವನ ಕಾಲು ಮುಟ್ಟಿದ. ಹಾರ ಕೊಂಬಿಗೆ ಸಿಕ್ಕಿತು.

"ಆರಾಮ ಅದೀರಿ ಮಾವಾರ? ಅತ್ತಿ ಬಂದಾರೇನ್ರಿ?" ಅಂತ ದೊರೆ ಮೈಕಿನ ಮುಂದೇ ಕೇಳಿದ.

"ಬಂದಾಳ, ಅಲ್ಲಿ ಕೂತಾಳ ನೋಡ್ರಿ. ನಡೀಲಿ ನಡೀಲಿ, ಬೈರಿ ಆಕೀನ್ನ" ಅಂತ ಮಾವ ನನ್ನ ಕಡೆ ಕೈ ಮಾಡಿ ಇಳಿದು ಹೋದ.

ಆಮೇಲೆ ಅವನು ಎಷ್ಟು ಬೈದರೇನು! ಹೆಣ್ಣು ಕೊಟ್ಟ ಮಾವನಿಗೆ ಅಂಜಿ ಬಾರಕೋಲು ಮುಚ್ಚಿದ ದೊರೆಗೆ ನಾನು ಅಂಜಿ ಒಲೆ ಆರಿಸಿದೆ ಅಂದರೆ ಕೂಸೂ ನಂಬುವುದಿಲ್ಲ. ನಕ್ಕು ನಕ್ಕು ಕೆಲವರು ಎದ್ದು ಮನೆಗೆ ಹೋದರು. ಮಾಸ್ತರು ಎರಡೂ ಕೈ ಪೇಟಿಯ ಮೇಲೆ ಒತ್ತಿದರು. ಊರ ನಾಯಿಗಳು ಕೂಗಿದವು. ಬಸ್ ಸ್ಟ್ಯಾಂಡಿನಲ್ಲಿ ಟ್ರಂಕಿನ ಮೇಲೆ ಕೂತು ನಾನು ಮುಖ ಎತ್ತಲಿಲ್ಲ.

ಇನ್ನು ಮೂರನೇ ಊರು. ನರಗುಂದದ ಕಡೆ ಒಂದು ಹಳ್ಳಿ, ಹೆಸರು ಬೇಡ. ಅಲ್ಲಿ ಆದದ್ದನ್ನ ನಾನು ಐಶುವಿನ ತನಕ ಯಾರಿಗೂ ಹೇಳಿರಲಿಲ್ಲ.

ಅಂದು ಊರಾಗ ಕರೆಂಟು ಹೋಗಿತ್ತು. ಹೊತ್ತು ಮುಳುಗುವುದರೊಳಗೆ ಮುಗಿಸೋಣ ಅಂತ ಇಳಿಹೊತ್ತಿಗೇ ನಾಟಕ ಶುರು ಮಾಡಿದರು. ನನ್ನ ಬಸ್ಸು ದಾರಿಯಲ್ಲಿ ಕೆಟ್ಟು ನಿಂತು, ನಾನು ಬಿಸಿಲಾಗ ಟ್ರಂಕು ಹೊತ್ತು ನಡೆದು, ಬಂದವಳು ಸೀದಾ ಬಣ್ಣಕ್ಕೆ ಕೂತೆ. ಹಿಂದಿನ ದಿನ ಮತ್ತೊಂದು ಊರಾಗ ನಾಟಕ, ಅಲ್ಲೂ ಸರಿಯಾಗಿ ಉಂಡಿರಲಿಲ್ಲ. "ನಾಟಕ ಆಗಲಿ ಅಕ್ಕಾರ, ಗೋಧಿ ಹುಗ್ಗಿ ಮಾಡೇವಿ, ಎಲ್ಲಾರೂ ಕೂಡಿ ಉಣ್ಣೂಣು" ಅಂದರು ಊರವರು. ಆಗಲಿ ಅಂದೆ.

ಕರೆಂಟು ಇಲ್ಲದ್ದಕ್ಕೆ ಒಲೆಯೊಳಗೆ ಹಾಕುವ ಕೆಂಪು ಬಲ್ಬೂ ಇಲ್ಲ. ಮಣ್ಣಿನ ಸ್ಟೇಜು, ಮೂರು ಕಲ್ಲಿಟ್ಟು ಖರೇ ಬೆಂಕಿ ಹಾಕಿದರು. ದೊರೆಯ ಅಡಿಗೆಮನೆ ಅಂತ ತೋರಿಸಲು ಯಾರೋ ಶಾಣ್ಯಾ, ಹಿಂದೆ ಕುದಿಯುತ್ತಿದ್ದ ಹುಗ್ಗಿಯ ಕೊಪ್ಪರಿಗೆಯನ್ನೇ ಎತ್ತಿ ತಂದು ಸ್ಟೇಜಿನ ಮೇಲೆ ಇಟ್ಟ. ಬೆಲ್ಲ, ಯಾಲಕ್ಕಿ, ಗಸಗಸೆ, ಅದರ ಮೇಲೆ ತುಪ್ಪ. ಅದರ ವಾಸನೆ ನನ್ನ ಮೂಗಿಗೆ ಬಂದದ್ದೇ ತಡ, ನನಗೆ ದೊರೆಯೂ ಕಾಣಲಿಲ್ಲ, ಮಂದಿಯೂ ಕಾಣಲಿಲ್ಲ.

ಸಿಪಾಯಿ ಪಾತ್ರದವನು ಒಂದು ತಾಟಿನಲ್ಲಿ ಸ್ವಲ್ಪ ಹುಗ್ಗಿ ಹಾಕಿ ನನ್ನ ಮುಂದೆ ಹಿಡಿದ. ನಾನು ಅದನ್ನ ದೂಡಿ ಅಳಬೇಕು. ನಾನು ದೂಡಲಿಲ್ಲ. ಕೂತುಬಿಟ್ಟೆ. ತಿಂದೆ. ಬಿಸಿ ಇತ್ತು, ಬಾಯಿ ಸುಟ್ಟಿತು, ಬಿಡಲಿಲ್ಲ. ಮಾತು ಮರೆತೇ ಹೋಯಿತು. ಮಾಸ್ತರು ಪೇಟಿ ಹಿಂದಿನಿಂದ ನನ್ನ ಮಾತನ್ನ ಹೇಳಿಕೊಡುತ್ತಿದ್ದಾರೆ, ನನಗೆ ಕೇಳುತ್ತಿದೆ, ಬಾಯಿ ತುಂಬ ಹುಗ್ಗಿ. ತಾಟು ಖಾಲಿ ಆಯಿತು. ತಾಟನ್ನ ಮುಂದೆ ಹಿಡಿದೆ, ಇನ್ನಷ್ಟು ಹಾಕು ಅಂತ.

ಸಿಪಾಯಿಗೆ ದಿಕ್ಕು ತೋಚಲಿಲ್ಲ. ಆತ ಒಳ್ಳೆಯ ಹುಡುಗ. ತನಗಿದ್ದ ಒಂದೇ ಮಾತನ್ನ ತಿರುವಿ ಮೆಲ್ಲಗೆ ಹೇಳಿದ. "ಒಲಿ ಆರಸ್ರಿ ಅಕ್ಕಾರ, ಮತ್ತ ಹಾಕ್ತೇನಿ."

ಬಲಗೈಯಲ್ಲಿ ತಾಟು ಇತ್ತು. ನಾನು ಹೊರಳಿ ನೋಡಲೂ ಇಲ್ಲ. ಎಡಗೈಯಿಂದ ತಂಬಿಗೆ ಎತ್ತಿ ಬೆನ್ನ ಹಿಂದಿನ ಒಲೆಗೆ ಸುರುವಿದೆ. ಚುಂಯ್ ಅಂತು. ಹೊಗೆ ಎದ್ದಿತು. ನನ್ನ ಕಣ್ಣು ಸೌಟಿನ ಮೇಲೇ ಇತ್ತು.

ಮಂದಿ ಗಪ್ಪಾಗಿತ್ತು. ಒಂದು ಕೂಸು ಅತ್ತರೆ ಅದರವ್ವ ಬಾಯಿ ಮುಚ್ಚಿದ್ದು ಕೇಳಿಸಿತು. ಆಮೇಲಿನ ಅಂಕದಲ್ಲಿ ಒಬ್ಬರೂ ನಗಲಿಲ್ಲ. ಮುದುಕನಿಗೆ ಒಲೆ ಹೂಡಲು ಬರದಿದ್ದಾಗ ಯಾರೂ "ಮೂರು ಕಲ್ಲ ಇಡು" ಅನ್ನಲಿಲ್ಲ.

ಆಮೇಲೆ ನನ್ನನ್ನ ಹೊತ್ತು ಮೆರೆಸುವುದೊಂದು ಬಾಕಿ. ಮಾಸ್ತರು ಕಣ್ಣಾಗ ನೀರು ತಂದುಕೊಂಡು, "ಏನವಾ, ಎಲ್ಲಿಂದ ತಂದಿ ಅದನ್ನ? ಎಡಗೈಲೆ! ಹೊರಳಿ ಸೈತ ನೋಡದಂಗ! ನಾನು ದೊರಿ, ಕೊಂಬು, ಬಾರಕೋಲು ಅಂತ ಸತ್ತೆ. ಒಂದು ಸೌಟು ಹುಗ್ಗಿಗೆ ಮಂದಿ ಒಲಿ ಆರಸ್ತಾರ ಅಂತ ನನಗ ಹೊಳೀಲಿಲ್ಲ ನೋಡು" ಅಂದರು.

ನನಗೂ ಹೊಳೆದಿರಲಿಲ್ಲ. ನನಗೆ ಹಸಿವಾಗಿತ್ತು. ಅಷ್ಟೇ.

ಹೇಳಲಿಕ್ಕೆ ಬಾಯಿ ಬರಲಿಲ್ಲ. ಊರ ತುಂಬಾ ಮಂದಿಯ ಮುಂದೆ, ಬಣ್ಣ ಹಚ್ಚಿಕೊಂಡು, ನಾಯಿ ಹಂಗ ಬಾಯಿ ಹಾಕಿ ತಿಂದೆನಲ್ಲ ಅಂತ ನನಗೆ ನಾಚಿಕೆ. ಮಂದಿ ಅದನ್ನ ಅಭಿನಯ ಅಂದಷ್ಟೂ ಹೆಚ್ಚು ನಾಚಿಕೆ. ನಾನು ನಕ್ಕೆ. ಕೈ ಮುಗಿದೆ.

ಅಲ್ಲಿಂದ ಆ ನಾಟಕಕ್ಕೆ ಬೇಡಿಕೆ ಹೆಚ್ಚಿತು. ಕೊಂಬು ಹೋಯಿತು, ಹೊಗೆ ಹೋಯಿತು. ದೊರೆ ಸ್ಟೇಜಿನ ಮೇಲೇ ಬರದ ಹಾಗೆ ಮಾಸ್ತರು ತಿದ್ದಿದರು, ಬರೀ ಕೊಪ್ಪರಿಗೆ ಇದ್ದರೆ ಸಾಕು ಅಂದರು. ದೊರೆಯ ಕಡೆಯಿಂದ ಬಂದವರು ಮೊದಲು ಸಿಹಿ ಹಂಚಬೇಕು, ಹುಕುಂ ಆಮೇಲೆ ಬರಬೇಕು. ಇದನ್ನ ಈಗಿನ ಹುಡುಗ್ಯಾರು ನೆನಪಿಡಿ: ಕೆಟ್ಟ ಕಾಲದ ಕಥೆ ಆಡುವಾಗ ಕೆಟ್ಟದ್ದನ್ನ ಮುಂದೆ ತರಬೇಡಿ. ಮಂದಿ ಬಾಯಿಗೆ ಮೊದಲು ರುಚಿ ಹತ್ತಲಿ. ನನಗೆ ತಿಳಿದದ್ದು ಇಷ್ಟು.

ಆದರೆ ನನ್ನ ಗುಟ್ಟು ನನಗೆ ಗೊತ್ತಿತ್ತಲ್ಲ. ಆ ನಾಟಕದ ದಿನ ನಾನು ಬೇಕಂತಲೇ ಹೊಟ್ಟೆಗೆ ಏನೂ ಹಾಕುತ್ತಿರಲಿಲ್ಲ. ಯಾರಾದರೂ ಉಣ್ಣಲು ಕರೆದರೆ "ವಾರ ಹಿಡಿದೇನ್ರಿ, ಉಪಾಸ" ಅನ್ನುತ್ತಿದ್ದೆ. "ಈ ಅಕ್ಕಾರು ವಾರದಾಗ ಎಷ್ಟು ವಾರ ಹಿಡೀತಾರಪಾ" ಅಂತ ಹುಡುಗರು ಚಾಷ್ಟಿ ಮಾಡುತ್ತಿದ್ದರು.

ಒಂದು ಊರಾಗ ಒಬ್ಬ ಮುದುಕಿ ನನ್ನ ಯಾವ ಮಾತೂ ಕೇಳಲಿಲ್ಲ. "ಬಣ್ಣದ ಮಕ್ಕಳು ಉಪವಾಸ ಹೋದ್ರ ನಮ್ಮ ಊರಿಗೆ ಚಲೋ ಅಲ್ಲವಾ, ಬಾ ಒಳಗ" ಅಂತ ಕೈ ಹಿಡಿದು ಎಳಕೊಂಡು ಹೋದಳು. ಬಿಸಿ ರೊಟ್ಟಿ, ಹೆಸರುಕಾಳು ಪಲ್ಯ, ಗುರೆಳ್ಳು ಚಟ್ನಿ, ಮೇಲೆ ಗಟ್ಟಿ ಮೊಸರು. ಒಲ್ಲೆ ಅಂದಷ್ಟೂ ಬಡಿಸಿದಳು. ಹೊಟ್ಟೆ ತುಂಬಾ ಉಂಡೆ. ಆ ರುಚಿ ಇನ್ನೂ ನಾಲಿಗೆ ಮೇಲಿದೆ.

ಅಂದು ಸ್ಟೇಜಿನ ಮೇಲೆ ಅದೇ ತಾಟು, ಅದೇ ಎಡಗೈ, ಅದೇ ತಂಬಿಗೆ. ಹೊರಳಿ ನೋಡಲೂ ಇಲ್ಲ. ಎಲ್ಲಾ ಹಾಗೇ ಮಾಡಿದೆ. ಮಂದಿ ಎಲೆ ಅಡಿಕೆ ತೆಗೆಯಿತು. ಮಾತಾಡತೊಡಗಿತು. ಯಾರೋ ಆಕಳಿಸಿದ.

"ಇವತ್ತ ಏನಾತವಾ ನಿನಗ?" ಅಂದರು ಮಾಸ್ತರು.

"ಮೈಯಾಗ ಆರಾಮಿಲ್ರಿ" ಅಂದೆ.

ನಾನು ಪಾತ್ರ ಮಾಡುವಾಕೆ ಅಲ್ಲ, ಬರೀ ಹಸಿದಾಕೆ ಅಂತ ಅವತ್ತು ನನಗೆ ಖಾತ್ರಿ ಆಯಿತು. ಅದಾದ ಮೇಲೆ ಆ ಪಾತ್ರಕ್ಕೆ ಕರೆದರೆ ಏನಾದರೂ ನೆವ ಹೇಳಿ ತಪ್ಪಿಸಿಕೊಂಡೆ. ಮಾಸ್ತರು ಬೇರೆಯವರನ್ನ ಹಾಕಿ ನೋಡಿದರು, ನಡೆಯಲಿಲ್ಲ, ನಾಟಕ ಅಲ್ಲಿಗೇ ನಿಂತಿತು. ಮಾಸ್ತರೂ ತೀರಿಕೊಂಡರು. ನಾನು ಅಳುವ ಪಾತ್ರಗಳಿಗೇ ಮರಳಿ, ಕಡೆಗೆ ತಾಯಿ ಪಾತ್ರ, ಅಜ್ಜಿ ಪಾತ್ರ ಮಾಡಿ, ಮೊಣಕಾಲು ಹಿಡಿದ ಮೇಲೆ ಟ್ರಂಕು ಇಳಿಸಿದೆ. ಗಜೇಂದ್ರಗಡದ ಮಗಳ ಮನೆಯಲ್ಲೇ ಉಳಿದೆ. ಅಲ್ಲಿ ಬೀಗರು, ಅಂದರೆ ಅವಳ ಅತ್ತೆ ಮಾವ, ನಾನು ಹಿಂದೆ ಏನು ಮಾಡುತ್ತಿದ್ದೆ ಅಂತ ಕೇಳಲಿಲ್ಲ, ನಾನೂ ಹೇಳಲಿಲ್ಲ. ಕೇಳದೇ ಇದ್ದದ್ದು ಅವರ ದೊಡ್ಡತನ ಅಂತ ತಿಳಿದು ಸುಮ್ಮನಿದ್ದೆ.

ಐಶು ಹುಟ್ಟಿದ ಮೇಲೆ ಎಲ್ಲಾ ಬೇರೆ ಆಯಿತು. ಆಕೆಗೆ ಉಣಿಸುವಾಗ ಕಥೆ ಬೇಕು. ನನಗೆ ಗೊತ್ತಿದ್ದ ಕಥೆಗಳೆಲ್ಲಾ ನಾಟಕದವೇ. ಹೊಗೆ ಇಲ್ಲದ ಊರಿನ ಕಥೆಯನ್ನ ಮಾತಿನ ಸಮೇತ ಹೇಳುತ್ತಿದ್ದೆ. ಕೂಸಿಗೆ ಅದು ಬಾಯಿಪಾಠ. ಈಗ ಕಾಲೇಜಿನ ನಾಟಕಕ್ಕೆ ಅದನ್ನೇ ಎತ್ತಿಕೊಂಡಳು. ತಾನೇ ಆಡಿಸುವಾಕೆ, ತಾನೇ ಆಡುವಾಕೆ. ಹೇಳಿದೆನಲ್ಲ, ನನ್ನ ಮೊಮ್ಮಗಳು!

"ಇಂಥಾ ಕಥಿಗೆ ಡಿಸ್ಟೋಪಿಯಾ ಅಂತಾರ ಆಯಿ."

"ಅದ್ಯಾವ ಬ್ಯಾನಿ ಹೆಸರಲೇ?"

"ಬ್ಯಾನಿನ ಅನ್ನು. ಆದ್ರ ನಮ್ಮ ಹುಡುಗ್ರು ನಂಬವಲ್ರು. ತಾಲೀಮಿನ್ಯಾಗ ನಗತಾರ. ಹುಗ್ಗಿ ಸಂಬಂಧ ಯಾರ ಒಲಿ ಆರಸ್ತಾರ ಅಂತಾರ. ನೀ ಹ್ಯಾಂಗ ನಂಬಸ್ತಿದ್ದಿ?"

ಅದೇ ಮಾತು, ಅದೇ ನಗೆ. ನನ್ನ ಕೂಸು ಮಂದಿಯ ಮುಂದೆ ನಿಂತು ನಗೆಗೇಡಾಗುವುದು ನನಗೆ ನೋಡಲಿಕ್ಕಾಗದು. ಮುಖ ಆ ಕಡೆ ಮಾಡಿ ಹೇಳಿದೆ. "ನಾಟಕದ ದಿನ ಮುಂಜಾನಿಯಿಂದ ಏನೂ ತಿನಬ್ಯಾಡ."

ಯಾಕೆ ಅಂತ ಕೇಳಿದಳು. ಬಿಡದೆ ಕೇಳಿದಳು. ನರಗುಂದದ ಕಡೆಯ ಆ ಊರು, ಹುಗ್ಗಿ, ಎಡಗೈ, ಆ ಮುದುಕಿಯ ರೊಟ್ಟಿ, ಎಲ್ಲಾ ಹೇಳಿದೆ. ನಗುತ್ತಾಳೆ ಅಂತ ಕಾದೆ. ನಗಲಿಲ್ಲ. ನನ್ನ ಕೈ ಹಿಡಕೊಂಡಳು.

"ಆಯಿ, ನನಗ ಹಸಿವು ಗೊತ್ತಿಲ್ಲ. ನಾ ಒಂದು ಹೊತ್ತ ಉಣ್ಣದಿದ್ರ ಅದಕ್ಕ ಡಯಟ್ ಅಂತಾರ."

"ಮತ್ತ ಹ್ಯಾಂಗ ಮಾಡ್ತಿ?"

"ನನಗ ಗೊತ್ತಿರೋದು ನಾಚಿಕಿ" ಅಂದಳು. "ಕಾಲೇಜಿಗೆ ಹೊಸದಾಗಿ ಹೋದಾಗ ನೀ ಅರಿವ್ಯಾಗ ರೊಟ್ಟಿ ಕಟ್ಟಿ ಕೊಡ್ತಿದ್ದಿ. ಬಾಕಿ ಹುಡುಗ್ಯಾರದು ಬ್ಯಾರೆ ಇರ್ತಿತ್ತು. ಅವರ್ಯಾರೂ ನನಗ ಏನೂ ಅನ್ನಲಿಲ್ಲ ಆಯಿ. ಬರೇ ನೋಡಿದ್ರು. ನಾನ ಬಿಟ್ಟೆ. ಗಂಟನ್ನ ದಿನಾ ದಾರ್ಯಾಗ ದನಕ್ಕ ಹಾಕಿ ಹೋಗ್ತಿದ್ದೆ."

ನಾನು ಎದ್ದು ಒಳಗೆ ಹೋದೆ. ರೊಟ್ಟಿ ಸಂಬಂಧ ಅಲ್ಲ. ನನ್ನ ಕೂಸಿಗೆ ಆ ನಾಚಿಕೆ ಯಾರಿಂದ ಬಂತು ಅಂತ ನನಗೆ ಗೊತ್ತಿತ್ತು. ಬೀಗರ ಮುಂದೆ ಬಾಯಿ ಬಿಡದೆ ಕೂತ ನನ್ನನ್ನು ನೋಡುತ್ತಲೇ ಆಕೆ ಬೆಳೆದದ್ದು.

ನಾಟಕದ ದಿನ ಬಂತು. ಮಧ್ಯಾಹ್ನ, ರೋಣದ ಒಂದು ಸಭಾಂಗಣದಲ್ಲಿ. ನಾನು ಗಜೇಂದ್ರಗಡದಿಂದ ಮುಂಜಾನೆಯೇ ಹೋಗಿದ್ದೆ. ಬಣ್ಣಕ್ಕೆ ಕೂರುವ ಮುಂಚೆ ಐಶು ನನ್ನ ಎದುರಿಗೇ ಎರಡು ರೊಟ್ಟಿ, ಶೇಂಗಾ ಚಟ್ನಿ, ಮೊಸರು ಉಂಡಳು. ಆಕೆಯ ಒಂದೊಂದು ತುತ್ತನ್ನೂ ನಾನು ಎಣಿಸುತ್ತಿದ್ದೆ.

"ಸಾಕಲೇ, ನಾಟಕ ಕೆಡತೈತಿ."

"ನೀ ಹೋಗಿ ಕುಂದ್ರು ಆಯಿ. ಇನ್ನೊಂದ ಅರ್ಧಾ ಐತೇನ ನೋಡು."

ಎರಡನೇ ಸಾಲಿನಲ್ಲಿ ಕೂತೆ. ಸುತ್ತ ಹುಡುಗರ ಅಪ್ಪ ಅವ್ವಂದಿರು, ಕಾಲೇಜಿನ ಮಾಸ್ತರು, ಹುಡುಗ್ಯಾರು. ಎರಡನೇ ಅಂಕದ ಕೊನೆ ಬಂತು. ಸ್ಟೇಜಿನ ಮೇಲೆ ಮೂರು ಕಲ್ಲು, ಒಳಗೊಂದು ಪಣತಿ, ಸ್ವಲ್ಪ ಲೋಬಾನ. ಒಂದೇ ಒಂದು ಎಳೆ ಹೊಗೆ ಏಳುತ್ತಿತ್ತು. ದೊರೆ ಇಲ್ಲ. ಸಿಪಾಯಿ ಇಲ್ಲ. ಕೊಪ್ಪರಿಗೆಯೂ ಇಲ್ಲ. ದೊರೆಯ ಅಡಿಗೆಮನೆಯಲ್ಲಿ ಊಟ ಮುಗಿಸಿದ ನೆರೆಹೊರೆಯವರು ತೊಳೆದ ತಾಟು ಹಿಡಿದು ಮನೆ ಕಡೆ ಹೊರಟವರು, ಆ ಹೊಗೆ ನೋಡಿ ನಿಂತರು.

"ನಿಮ್ಮನ್ಯಾಗ ಇನ್ನೂ ಹೊಗಿ ಏಳತೈತೇನ್ರಿ ಅಕ್ಕಾರ?" ಅಂದ ಒಬ್ಬ ಹುಡುಗ, ಭಾಳ ಮರ್ಯಾದೆಯಿಂದ.

"ಹಾಂ... ಸ್ವಲ್ಪ" ಅಂದಳು ಐಶು.

"ಇರಲಿ ಇರಲಿ, ನಾವೇನ ಅಂದಿಲ್ರಿ. ಸುಮ್ನ ಕೇಳಿದ್ವಿ."

ಅಷ್ಟೇ. ಆಮೇಲೆ ಯಾರೂ ಮಾತಾಡಲಿಲ್ಲ. ಹೋಗಲೂ ಇಲ್ಲ. ನಿಂತು ನೋಡಿದರು. ಐಶು ಸೆರಗಿನಿಂದ ಹೊಗೆಯನ್ನ ಬೀಸಿ ಓಡಿಸಿದಳು. ಅದು ಮತ್ತೆ ಎದ್ದಿತು. ಒಲೆಗೆ ಅಡ್ಡ ನಿಂತಳು. ಅದು ಆಕೆಯ ತಲೆಯ ಮೇಲಿಂದ ಎದ್ದಿತು. ನಕ್ಕಳು, ತಪ್ಪು ಮಾಡಿ ಸಿಕ್ಕಿದ ಕೂಸು ನಗುವ ಹಾಗೆ. ಅವರು ನಗಲಿಲ್ಲ. ಆಕೆ ತಂಬಿಗೆ ಎತ್ತಿದಳು.

ಎತ್ತಿ, ಹಿಡಿದು, ಹಾಗೇ ನಿಂತಳು.

ಎಲ್ಲರೂ ಆಕೆಯನ್ನೇ ನೋಡುತ್ತಿದ್ದೇವೆ. ಸ್ಟೇಜಿನ ಮೇಲಿನವರು, ಕೆಳಗಿನವರು, ಎಲ್ಲರೂ. ಅಷ್ಟು ಮಂದಿಯ ಕಣ್ಣು ನನ್ನ ಕೂಸಿನ ಮೇಲೆ. ಆಕೆಯ ಕುತ್ತಿಗೆ ಕೆಂಪಾಗಿತ್ತು. ಬಣ್ಣ ಅಲ್ಲ, ಅದು ಬಣ್ಣ ಅಲ್ಲ ಅಂತ ನನಗೆ ಗೊತ್ತಾಗುತ್ತದೆ. ನನ್ನ ಹಿಂದಿನ ಸಾಲಿನಲ್ಲಿ ಒಬ್ಬ ಹೆಣ್ಣುಮಗಳು ಮೆಲ್ಲಗೆ, "ಹಾಕಿಬಿಡವಾ, ಎಷ್ಟೊತ್ತ ನಿಲ್ತಿ" ಅಂದಳು. ಆ ಕಡೆಯಿಂದ ಇನ್ನೊಬ್ಬಾಕೆ, "ಹಾಕಲಿ ಬಿಡ್ರಿ, ಎಲ್ಲಾರೂ ಹಾಕ್ಯಾರಲ್ಲ" ಅಂದಳು. ಅದರ ಜೊತೆಗೇ ಒಂದು ದನಿ, ಭಾಳ ಹತ್ತಿರದ್ದು, ಗಟ್ಟಿಯಾಗಿ:

"ಹಾಕ ನನ್ನವ್ವಾ, ಹಾಕು. ಎಲ್ಲಾರೂ ನೋಡಾಕತ್ತಾರ."

ಅದು ನಾನು.

ಐಶು ನೀರು ಹಾಕಿದಳು. ಪಣತಿ ಆರಿತು. ತಾಟು ಹಿಡಿದ ಮಂದಿ ಸುಮ್ಮನೆ ತಮ್ಮ ತಮ್ಮ ಮನೆ ಕಡೆ ಹೋದರು.

ಆಮೇಲಿನ ಅಂಕ ನಾನು ಸರಿಯಾಗಿ ನೋಡಲೇ ಇಲ್ಲ. ಆ ನಾಟಕ ಹೊಟ್ಟೆಯಾಗ ಇಟ್ಟುಕೊಂಡು ತಿರುಗಿದವಳು ನಾನು. ಆ ನೀರು ಹಾಕಿದರೆ ಮುಂದೆ ಏನಾಗುತ್ತದೆ ಅಂತ ಆ ಸಭಾಂಗಣದಲ್ಲಿ ನನ್ನಷ್ಟು ಗೊತ್ತಿದ್ದವರು ಯಾರೂ ಇರಲಿಲ್ಲ. ನಾನೇ ಹಾಕು ಅಂದೆ.

ಮುಗಿದ ಮೇಲೆ ಚಪ್ಪಾಳೆ ಭಾಳ ಹೊತ್ತು ನಡೆಯಿತು. ಯಾರೋ ನನಗೆ "ನಿಮ್ಮ ಮೊಮ್ಮಗಳೇನ್ರಿ?" ಅಂದರು. "ಹೌದ್ರಿ. ನಾನೂ ಇದ ಪಾತ್ರ ಮಾಡ್ತಿದ್ದೆ. ನಾ ನಾಟಕದಾಕಿ" ಅಂದೆ. ಬಾಯಿಂದ ಬಂದುಬಿಟ್ಟಿತು. ಅವರು "ಹೌದೇನ್ರಿ" ಅಂದರು. ಅಷ್ಟೇ ಅಂದರು.

ಐಶು ಅರ್ಧ ಬಣ್ಣ ಒರೆಸಿಕೊಂಡು ಓಡಿ ಬಂದಳು.

"ಆಯಿ, ನಿನ್ನ ದನಿ ಕೇಳಸ್ತು."

"ಯಾವ ದನಿ? ನಾ ಏನೂ ಅಂದಿಲ್ಲ ಬೇ."

"ಅಂದಿ. ನಾ ಇನ್ನೂ ಸ್ವಲ್ಪ ಹೊತ್ತ ನಿಲ್ಲಾಕಿ ಇದ್ದೆ, ಹಾಕಬೇಕೋ ಬ್ಯಾಡೋ ಅಂತ. ನೀ ಅಂದಿ ಅಂತನ ಹಾಕಿದೆ."

ಆಕೆ ನನ್ನನ್ನ ಅಪ್ಪಿಕೊಂಡು ಜೀಕಾಡಿದಳು, ಸಣ್ಣಾಕೆ ಇದ್ದಾಗಿನ ಹಾಗೆ. ಆಕೆಯ ಕೆನ್ನೆಯ ಬಣ್ಣ ನನ್ನ ಸೀರೆಗೆ ಹತ್ತಿತು. ಆ ಸೀರೆಯನ್ನ ಇನ್ನೂ ಒಗೆದಿಲ್ಲ.